ಜೊತೆಯಲ್ಲಿ ನಡೆದವರು

ನಮ್ಮ ಸಂಘದ ಹಿರಿಯರೊಬ್ಬರಿದ್ದಾರೆ. ಧಾರವಾಡದ ಕಡೆಯವರು, ರೇಲ್ವೆಯಲ್ಲಿ ದುಡಿದು ನಿವೃತ್ತರಾದವರು. ಮಾತಿನಲ್ಲಿ ಒಂದಿಷ್ಟು ಖಾರ, ಮನಸ್ಸಿನಲ್ಲಿ ಬೆಲ್ಲ. ಬೆಳಗಿನ ಹೊತ್ತು ನಾವಿಬ್ಬರೂ ಪೊಯಿಸರದ ಕಡೆಗೆ ತಿರುಗಾಡಲು ಹೋಗುವುದುಂಟು. ಕಳೆದ ತಿಂಗಳು ಹೀಗೆಯೇ ಹೋಗುತ್ತಿರುವಾಗ ಅಲ್ಲಿನ ಹಳೆಯ ಇಗರ್ಜಿಯ ಮುಂದೆ ನಿಂತು ಕೇಳಿಯೇ ಬಿಟ್ಟರು:

"ಏನ್ರೀ, ನೀವು ಕ್ರಿಸ್ತರು ಅಂತೀರಿ, ಈ ಗುಡಿಗೆ ಬಂದದ್ದು ನಾ ನೋಡಿಲ್ಲ. ನಿಮಗ ಮೂರ್ತಿ ಇಲ್ಲ, ತೇರಿಲ್ಲ, ಕಾಶಿ ರಾಮೇಶ್ವರ ಇಲ್ಲ. ಹಂಗಾದ್ರ ದೇವರ ಭೆಟ್ಟಿ ಎಲ್ಲಿ ಆಗ್ತದರಿ ನಿಮಗ?"

"ರೈಲಿನಲ್ಲಿ" ಎಂದೆ ನಾನು, ತಮಾಷೆಗೆ.

ಅವರು ನಕ್ಕರು. ಆದರೆ ಬಿಡಲಿಲ್ಲ. "ನಗಸಬ್ಯಾಡ್ರಿ. ಮುಂದಿನ ಸಂಚಿಕೆಯೊಳಗ ಬರದು ತೋರಸ್ರಿ" ಎಂದು ಅಪ್ಪಣೆಯಾಯಿತು. ತಮಾಷೆಗೆ ಆಡಿದ ಮಾತು ಮನೆಗೆ ಬಂದು ಕುಳಿತು ಯೋಚಿಸಿದಾಗ ಅಷ್ಟೇನೂ ತಮಾಷೆಯಾಗಿರಲಿಲ್ಲವೆಂದು ತೋರಿತು. ಆದ್ದರಿಂದ ಈ ಸಲ ಈ ಪುಟದಲ್ಲಿ ಅದನ್ನೇ ಬರೆಯುತ್ತೇನೆ. ವಾಚಕರು ಸ್ವಲ್ಪ ಸೈರಣೆಯಿಂದ ಓದಬೇಕು. ಇದರಲ್ಲಿ ನನ್ನ ಮನೆಯ ಸಂಗತಿಯೂ ಬರುತ್ತದೆ.

ಮೊದಲು ಆ ಇಗರ್ಜಿಯ ಮಾತು. ಅದರ ಬುಡ ಪೋರ್ತುಗೀಸರ ಕಾಲದ್ದು; 16ನೆಯ ಶತಮಾನದಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ನೆಲೆಗೊಳಿಸಿದ್ದು. ಬೊರಿವಲಿಯ ಮಂಡಪೇಶ್ವರದ ಗುಹೆಯಲ್ಲಿ ಅದಕ್ಕಿಂತ ಎಷ್ಟೋ ಶತಮಾನ ಹಿಂದಿನಿಂದ ಶಿವನು ಕುಣಿಯುತ್ತಿದ್ದನಷ್ಟೆ. ಅದೇ ಪಾದ್ರಿಗಳು ಅದನ್ನೂ ತಮ್ಮ ಪ್ರಾರ್ಥನೆಯ ಮನೆ ಮಾಡಿಕೊಂಡರು. ಈಗ ಅಲ್ಲಿ ಮತ್ತೆ ಶಿವಪೂಜೆ ನಡೆಯುತ್ತದೆ. ಕಲ್ಲಿನ ಮೇಲೆ ಅವರು ಕೆತ್ತಿದ ಶಿಲುಬೆಯೂ ಹಾಗೆಯೇ ಉಳಿದಿದೆ. ಅವರು ಮಾಡಿದ್ದು ಸರಿಯೆಂದು ನಾನು ಕ್ರೈಸ್ತನಾಗಿಯೂ ಹೇಳಲಾರೆ. ಅದಿರಲಿ. ಕಥೋಲಿಕರಿಗೆ ಯಾತ್ರೆಯಿದೆ. ಸೆಪ್ಟೆಂಬರಿನಲ್ಲಿ ಬಾಂದ್ರಾದ ಗುಡ್ಡದ ಮೇಲೆ ಮೇರಿಮಾತೆಯ ಜಾತ್ರೆ. ನಮ್ಮ ಊರ ಕಡೆ ಜನವರಿಯಲ್ಲಿ ಕಾರ್ಕಳದ ಅತ್ತೂರಿನ ಜಾತ್ರೆ. ಎರಡಕ್ಕೂ ಎಲ್ಲ ಜಾತಿಯ ಜನ ಮೇಣದಬತ್ತಿ ಹಿಡಿದು ಹೋಗುತ್ತಾರೆ. ಆದರೆ ನಾವು ಬಾಸೆಲ್ ಮಿಶನ್ನಿನ ಮನೆತನದವರು. 1834ರಲ್ಲಿ ಸ್ವಿಸ್ ದೇಶದ ಬಾಸೆಲಿನಿಂದ ಮಂಗಳೂರಿಗೆ ಬಂದಿಳಿದ ಮಿಶನರಿಗಳು ನಮ್ಮ ಹಿರಿಯರ ಕೈಗೆ ಮೂರ್ತಿಯನ್ನು ಕೊಡಲಿಲ್ಲ. ಪುಸ್ತಕ ಕೊಟ್ಟರು, ಹಾಡು ಕೊಟ್ಟರು, ಅದರೊಂದಿಗೆ ಒಂದು ಕಸಬನ್ನೂ ಕೊಟ್ಟರು. ಮಗ್ಗ, ಅಚ್ಚಿನ ಮೊಳೆ, ಹಂಚು. ನನ್ನ ಅಮ್ಮನ ಅಜ್ಜ ಮಲ್ಪೆಯಲ್ಲಿದ್ದ ಮಿಶನ್ನಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಬೆಳಿಗ್ಗೆ ಗಂಟೆ ಬಾರಿಸಿದರೆ ಮೊದಲು ಪ್ರಾರ್ಥನೆ, ಆಮೇಲೆ ಮಣ್ಣು. ಎರಡರ ನಡುವೆ ಕೈ ತೊಳೆಯುವ ಪದ್ಧತಿ ಇರಲಿಲ್ಲವೆಂದು ಅಮ್ಮ ನಗುತ್ತಿದ್ದಳು.

ಈ ಅಮ್ಮನಿಗೆ ದೇವರು ಎಲ್ಲಿ ಸಿಗುತ್ತಾನೆಂಬ ಪ್ರಶ್ನೆಯೇ ಬಂದಿರಲಿಲ್ಲ. ಒಲೆ ಹೊತ್ತಿಸುವಾಗ ಒಂದು ಮಾತು, ಅಕ್ಕಿ ಅಳೆಯುವಾಗ ಒಂದು ಮಾತು, ದನ ಕರುಹಾಕಲು ತಡವಾದರೆ ನಾಲ್ಕು ಗಟ್ಟಿ ಮಾತು—ಎಲ್ಲವೂ ದೇವರೊಡನೆ, ನೆರೆಮನೆಯವರೊಡನೆ ಆಡಿದ ಹಾಗೆ. ಪ್ಯಾರಿಸಿನ ಮಠವೊಂದರಲ್ಲಿ 17ನೆಯ ಶತಮಾನದಲ್ಲಿ ಲಾರೆನ್ಸ್ ಎಂಬ ಸನ್ಯಾಸಿಯಿದ್ದ. ಮೊದಲು ಸಿಪಾಯಿ; ಯುದ್ಧದಲ್ಲಿ ಕಾಲಿಗೆ ಪೆಟ್ಟು ಬಿದ್ದು ಕುಂಟನಾದವನು. ಮಠದಲ್ಲಿ ಅವನಿಗೆ ವರ್ಷಗಟ್ಟಲೆ ಅಡಿಗೆಮನೆಯ ಕೆಲಸ, ಆಮೇಲೆ ಚಪ್ಪಲಿ ರಿಪೇರಿ. ಪಾತ್ರೆಗಳ ಸದ್ದಿನ ನಡುವೆಯೂ ತನಗೆ ದೇವರ ಸನ್ನಿಧಿ ಗುಡಿಯಲ್ಲಿರುವಷ್ಟೇ ಹತ್ತಿರವೆಂದು ಅವನು ಹೇಳುತ್ತಿದ್ದನಂತೆ. 1691ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಮಾತು, ಪತ್ರಗಳನ್ನು ಕೂಡಿಸಿ ಮಾಡಿದ ಸಣ್ಣ ಪುಸ್ತಕವನ್ನು ಲೋಕವೆಲ್ಲ ಓದುತ್ತಿದೆ. ಅಮ್ಮ ಅವನ ಹೆಸರು ಕೇಳಿದವಳಲ್ಲ. ಈ ಕಥೆಯನ್ನು ನಮ್ಮ ಧಾರವಾಡದ ಹಿರಿಯರಿಗೆ ಹೇಳಿದಾಗ, "ಪ್ಯಾರಿಸಿಗೆ ಯಾಕ ಹೋಗ್ತೀರಿ? ನಮ್ಮ ಕಲ್ಯಾಣದಾಗ ಆಯ್ದಕ್ಕಿ ಲಕ್ಕಮ್ಮ ಇದ್ದಳಲ್ಲ" ಎಂದರು. ಗಂಡ ಮಾರಯ್ಯ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಿರುಗಿ ಅಲ್ಲಿಯೇ ಚೆಲ್ಲಿ ಬಾ ಎಂದವಳು. ಒಪ್ಪಿದೆ. ಅಮ್ಮನೂ ಲಕ್ಕಮ್ಮನೂ ಒಂದೇ ಓಣಿಯಲ್ಲಿದ್ದರೆ ದಿನಾ ಮಾತಾಡಿಕೊಳ್ಳುತ್ತಿದ್ದರೆಂದು ನನಗೆ ಅನ್ನಿಸುತ್ತದೆ. ಅಕ್ಕಿಯ ಅಳತೆಯಲ್ಲಿ ಜಗಳವನ್ನೂ ಆಡುತ್ತಿದ್ದರೋ ಏನೋ.

1976ರಲ್ಲಿ ನಾನು ಉಡುಪಿಯಿಂದ ಮುಂಬಯಿಗೆ ಹೊರಟಾಗ ಅಮ್ಮ ಬಸ್ಸಿನ ಬಾಗಿಲಲ್ಲಿ ನಿಂತು 121ನೆಯ ಕೀರ್ತನೆಯನ್ನು ಪೂರ್ತಿಯಾಗಿ ಓದಿದಳು. ಬೆಟ್ಟಗಳನ್ನು ನೋಡುತ್ತಾ ಸಹಾಯವನ್ನು ನೆನೆಯುವ ಯಾತ್ರಿಕರ ಕೀರ್ತನೆ ಅದು. ಕಂಡಕ್ಟರು ಎರಡು ಸಲ ಸೀಟಿ ಊದಿದ. ಅಮ್ಮ ಕನ್ನಡಕದ ಮೇಲಿನಿಂದ ಅವನನ್ನು ನೋಡಿ, ಒಂದಕ್ಷರವನ್ನೂ ಬಿಡದೆ ಮುಗಿಸಿದಳು. ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಪುಣೆಗಳನ್ನು ದಾಟಿ ಬರುವಷ್ಟರಲ್ಲಿ ಮೈಯೆಲ್ಲ ಹಣ್ಣಾಗುತ್ತಿದ್ದ ಕಾಲ ಅದು. 1998ರಲ್ಲಿ ಕೊಂಕಣ ರೇಲ್ವೆ ಪೂರ್ತಿಯಾಗಿ ತೆರೆದ ಮೇಲೆ ಊರು ಒಂದು ರಾತ್ರಿಯ ದೂರಕ್ಕೆ ಬಂತು. ಆ ದೂರ ಕೂಡ ಎಷ್ಟೆಂಬುದು ನನಗೆ 2005ರಲ್ಲಿ ತಿಳಿಯಿತು.

ಜೂನ್ ತಿಂಗಳ ಎರಡನೆಯ ವಾರ. ಅಮ್ಮನಿಗೆ ಹೆಚ್ಚಾಗಿದೆಯೆಂದು ತಮ್ಮನ ಫೋನು ಬಂತು. ಮರುದಿನ ಮಧ್ಯಾಹ್ನ ಕುರ್ಲಾದಿಂದ ಮತ್ಸ್ಯಗಂಧದಲ್ಲಿ ಹೊರಟೆ. ಮಳೆಗಾಲದಲ್ಲಿ ಆ ಹಾದಿಯ ಗಾಡಿಗಳು ನಿಧಾನವಾಗಿ ಓಡುತ್ತವೆಂಬುದು ವಾಚಕರಿಗೆ ಗೊತ್ತಿದೆ. ಹಿಂದಿನ ವರ್ಷದ ಜೂನಿನಲ್ಲಿಯೇ ಇದೇ ಗಾಡಿ ಗುಡ್ಡದಿಂದ ಜಾರಿ ಬಿದ್ದ ಬಂಡೆಗಳಿಗೆ ಬಡಿದು, ಡಬ್ಬಿಗಳು ಸೇತುವೆಯಿಂದ ಉರುಳಿ, ಜನ ಸತ್ತಿದ್ದರು. ಆದ್ದರಿಂದ ನಿಧಾನ ಮಾಡಿದವರನ್ನು ದೂರುವಂತಿಲ್ಲ. ನಾನು ದೂರಿದ್ದು ಬೇರೆಯವರನ್ನು. ರೋಹಾ ದಾಟಿದಂದಿನಿಂದ ಪ್ರತಿಯೊಂದು ಸುರಂಗದಲ್ಲಿಯೂ ನನ್ನದು ಒಂದೇ ಪ್ರಾರ್ಥನೆ: ಅಮ್ಮನ ಕಣ್ಣು ಮುಚ್ಚುವ ಮೊದಲು ನನ್ನನ್ನು ತಲಪಿಸು. ಬೇರೇನೂ ಕೇಳಲಿಲ್ಲ. ಬದುಕಿಸು ಎಂದೂ ಕೇಳಲಿಲ್ಲ. ಇಷ್ಟು ಸಣ್ಣ ಬೇಡಿಕೆಯನ್ನು ದೇವರು ಇಲ್ಲವೆನ್ನಲಾರನೆಂದು ನನ್ನ ಲೆಕ್ಕ.

ನಡುರಾತ್ರಿ ಕಳೆದು ಗಾಡಿ ಮಡಗಾಂವಿನಲ್ಲಿ ನಿಂತಾಗ ಫೋನಿಗೆ ಸಿಗ್ನಲ್ ಸಿಕ್ಕಿತು. ತಮ್ಮನ ಧ್ವನಿ. "ಅಣ್ಣಾ, ಹತ್ತೂವರೆಗೆ ಹೋದಳು" ಎಂದ.

ಎದುರಿನ ಬರ್ತಿನಲ್ಲಿ ಭಟ್ಕಳಕ್ಕೆ ಹೋಗುವ ಒಬ್ಬ ಮುಸಲ್ಮಾನ ಮುದುಕಿಯಿದ್ದಳು. ಸಂಜೆಯಿಂದಲೂ ಜಪಮಣಿ ತಿರುಗಿಸುತ್ತ ಕುಳಿತವಳು. ಏನಾಯಿತೆಂದು ಅವಳು ಕೇಳಲಿಲ್ಲ. ಎದ್ದು ಕುಳಿತು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, "ಕುಡಿ ಮಗಾ" ಎಂದಳು. ನಾನು ಬೇಡವೆಂದೆ. ಬಟ್ಟೆಯ ಗಂಟು ಬಿಚ್ಚಿ ರೊಟ್ಟಿಯೊಂದನ್ನು ಎರಡು ಮಾಡಿ ಅರ್ಧ ಚಾಚಿದಳು. ಬೇಡವೆಂದು ಕಿಟಕಿಯ ಕಡೆಗೆ ಮುಖ ತಿರುಗಿಸಿದೆ. ಆ ಹೊತ್ತಿಗೆ ನನಗೆ ಯಾರ ಕರುಣೆಯೂ ಬೇಕಿರಲಿಲ್ಲ, ದೇವರದು ಕೂಡ. ಅವಳು ಮಲಗಲಿಲ್ಲ. ಭಟ್ಕಳ ಬರುವ ತನಕ ಹಾಗೆಯೇ ಎದುರಿಗೆ ಕುಳಿತೇ ಇದ್ದಳು. ಇಳಿಯುವಾಗ ಏನೋ ಹೇಳಿದಳು, ನಾನು ಕೇಳಿಸಿಕೊಳ್ಳಲಿಲ್ಲ. ಉಡುಪಿಯಲ್ಲಿ ಇಳಿಯಲು ಚೀಲ ಎತ್ತಿದಾಗ ಅದರ ಪಕ್ಕದಲ್ಲಿ ಕಾಗದದಲ್ಲಿ ಸುತ್ತಿದ ಅರ್ಧ ರೊಟ್ಟಿ ಇತ್ತು. ಅದನ್ನು ಸೀಟಿನ ಮೇಲೆಯೇ ಬಿಟ್ಟು ಇಳಿದೆ.

ಅಮ್ಮನನ್ನು ಮಣ್ಣು ಮಾಡಿ ಬಂದೆ. ಕಾಂದಿವಲಿಗೆ ಮರಳಿದ ಮೇಲೆ ಆರು ವಾರ ನಾನು ಪ್ರಾರ್ಥನೆ ಮಾಡಲಿಲ್ಲ. ಭಾನುವಾರ ಹೆಂಡತಿ ಮಕ್ಕಳೊಡನೆ ಆರಾಧನೆಗೆ ಹೋಗುತ್ತಿದ್ದೆ, ಹಾಡಿನ ಪುಸ್ತಕ ತೆರೆದು ಹಿಡಿಯುತ್ತಿದ್ದೆ, ಬಾಯಿ ತೆರೆಯುತ್ತಿರಲಿಲ್ಲ. ರಾತ್ರಿ ಊಟದ ಪ್ರಾರ್ಥನೆ ನಮ್ಮಲ್ಲಿ ಯಜಮಾನನದು. ಮೊದಲ ದಿನ ನಾನು ಸುಮ್ಮನೆ ಕುಳಿತುದನ್ನು ನೋಡಿ ನನ್ನಾಕೆ ತಾನೇ ಹೇಳಿ ಮುಗಿಸಿದಳು. ಮರುದಿನವೂ ಹಾಗೆಯೇ. ಒಂದು ಮಾತನ್ನೂ ಆಡಲಿಲ್ಲ. ಹೆಂಗಸರು ಇಂಥಲ್ಲಿ ನಮಗಿಂತ ದೊಡ್ಡವರು.

ಹೀಗಿರಲಾಗಿ ಜುಲೈ 26, ಮಂಗಳವಾರ ಬಂತು. ಆ ದಿನದ ಕಥೆ ಮುಂಬಯಿಯ ಪ್ರತಿ ಮನೆಯಲ್ಲಿಯೂ ಒಂದೊಂದಿದೆ. ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ನಾನು ಅಂಧೇರಿ ಪೂರ್ವದ ಒಂದು ಕಛೇರಿಯಲ್ಲಿದ್ದೆ. ಮಧ್ಯಾಹ್ನದ ಮೇಲೆ ಲೋಕಲ್ ಗಾಡಿಗಳು ನಿಂತವು, ಫೋನುಗಳು ಸತ್ತವು. ಐದು ಗಂಟೆಗೆ, ನಡೆದೇ ಹೋಗುವುದೆಂದು ಹೆದ್ದಾರಿಗೆ ಬಂದೆ. ಅಂಧೇರಿಯಿಂದ ಕಾಂದಿವಲಿಗೆ ಹನ್ನೊಂದು ಕಿಲೋಮೀಟರಿನ ಆಸುಪಾಸು. ಸಾವಿರಾರು ಜನ ನಡೆಯುತ್ತಿದ್ದರು. ಬಸ್ಸುಗಳು ಕಿಟಕಿಯ ತನಕ ನೀರಿನಲ್ಲಿ ನಿಂತಿದ್ದವು. ಎಲ್ಲಿ ರಸ್ತೆ, ಎಲ್ಲಿ ಗಟಾರ ಎಂಬುದೇ ತಿಳಿಯದು. ನೀರು ಇಳಿಯಲೆಂದು ಜನ ಅಲ್ಲಲ್ಲಿ ಮ್ಯಾನ್‌ಹೋಲುಗಳ ಮುಚ್ಚಳ ತೆಗೆದಿದ್ದರು. ನೀರಿನ ಕೆಳಗೆ ಅವು ಬಾಯಿ ತೆರೆದುಕೊಂಡಿದ್ದವು.

ಗೋರೆಗಾಂವ್ ದಾಟುವಾಗ ಕತ್ತಲೆಯಾಯಿತು. ಎದೆಮಟ್ಟದ ನೀರಿನಲ್ಲಿ ನಾನು ನಿಂತುಬಿಟ್ಟೆ. ಮುಂದೆ ಕಾಲಿಡಲು ಧೈರ್ಯವಿಲ್ಲ. ಆಗ ಹಿಂದಿನಿಂದ ಒಬ್ಬ ಹುಡುಗ ಬಂದ, ಇಪ್ಪತ್ತರ ಪ್ರಾಯ, ಕೈಯಲ್ಲಿ ಬಿದಿರಿನ ಕೋಲು. "ಕಾಕಾ, ನನ್ನ ಹೆಗಲ ಮೇಲೆ ಕೈ ಇಡಿ" ಎಂದು ಮರಾಠಿಯಲ್ಲಿ ಹೇಳಿ ಮುಂದೆ ಹೊರಟ. ಕೋಲಿನಿಂದ ನೆಲ ಚುಚ್ಚುವುದು, ಒಂದು ಹೆಜ್ಜೆ. ಮತ್ತೆ ಚುಚ್ಚುವುದು, ಇನ್ನೊಂದು ಹೆಜ್ಜೆ. ನನ್ನ ಹೆಗಲ ಮೇಲೆ ಇನ್ನಾರದೋ ಕೈ, ಅವರ ಹೆಗಲ ಮೇಲೆ ಮತ್ತಾರದೋ. ಹತ್ತು ಹನ್ನೆರಡು ಜನರ ಸರಪಳಿಯಾಯಿತು. ಒಂದು ಕಡೆ ಕೋಲು ಪೂರ್ತಿ ಒಳಗೆ ಹೋಯಿತು. ಹುಡುಗ ನಿಂತ. ಎಡಕ್ಕೆ ತಿರುಗಿದ. ನಾವೆಲ್ಲ ಎಡಕ್ಕೆ ತಿರುಗಿದೆವು. ಅಷ್ಟೇ ಆದದ್ದು.

ಇವನು ದೇವದೂತನೆಂದು ನಾನು ಹೇಳುತ್ತೇನೆಂದು ವಾಚಕರು ಭಾವಿಸಬಾರದು. ದಾರಿಯುದ್ದಕ್ಕೂ ಅವನು ಸಿಗರೇಟು ಒದ್ದೆಯಾಯಿತೆಂದು ಗೊಣಗುತ್ತಿದ್ದ. ಸರಕಾರಕ್ಕೆ ಹಾಕಿದ ಬೈಗುಳಗಳನ್ನು ಇಲ್ಲಿ ಅಚ್ಚು ಹಾಕಿಸಿದರೆ ನಮ್ಮ ಸಂಪಾದಕರು ನನ್ನ ಪುಟವನ್ನೇ ನಿಲ್ಲಿಸಿಯಾರು.

ಮಲಾಡಿನ ಹತ್ತಿರ ನೆಲ ಸ್ವಲ್ಪ ಎತ್ತರ. ಅಲ್ಲಿ ಗುಡ್ಡದ ಬದಿಯ ಝೋಪಡಿಗಳ ಹೆಂಗಸರು ರಸ್ತೆಗೆ ಬಂದು ನಿಂತಿದ್ದರು. ಅವರದೇ ಮನೆಗಳು ಸೋರುತ್ತಿದ್ದಿರಬೇಕು. ಆದರೂ ದೊಡ್ಡ ಪಾತ್ರೆಯಲ್ಲಿ ಚಹಾ ಕಾಸಿ, ಪಾವಿನ ಲಾದಿಗಳನ್ನು ಪ್ಲಾಸ್ಟಿಕ್ಕಿನ ಕೆಳಗೆ ಇಟ್ಟುಕೊಂಡು, ನಡೆದು ಬರುವವರಿಗೆಲ್ಲ ಕೊಡುತ್ತಿದ್ದರು. ನಾವು ತಲಪಿದಾಗ ಪಾವು ಮುಗಿಯುತ್ತ ಬಂದಿತ್ತು. ನನ್ನ ಹುಡುಗನಿಗೆ ಕೊನೆಯದೊಂದು ಸಿಕ್ಕಿತು. ಅವನು ಅದನ್ನು ಎರಡು ಮಾಡಿ ಅರ್ಧವನ್ನು ನನ್ನ ಕಡೆಗೆ ಚಾಚಿದ.

ಆ ಕೈಯನ್ನು ನೋಡಿದೆ. ನೋಡಿದ್ದು ಅವನ ಕೈಯನ್ನಲ್ಲ. ಮಡಗಾಂವಿನ ಆಚೆ, ಗಾಡಿಯ ನೀಲಿ ದೀಪದ ಬೆಳಕಿನಲ್ಲಿ, ಸುಕ್ಕುಗಟ್ಟಿದ ಇನ್ನೊಂದು ಕೈ ಅರ್ಧ ರೊಟ್ಟಿ ಹಿಡಿದು ನನ್ನ ಮುಂದೆ ಚಾಚಿಕೊಂಡಿತ್ತು. ಆರು ವಾರ ಅದು ನನ್ನ ನೆನಪಿಗೇ ಬಂದಿರಲಿಲ್ಲ. ಅಮ್ಮನ ಬಳಿಗೆ ತಲಪಿಸು ಎಂದು ಕೇಳಿದವನಿಗೆ ಉತ್ತರ ಬರಲಿಲ್ಲ, ನಿಜ. ಆದರೆ ಆ ರಾತ್ರಿ ನಾನು ಒಬ್ಬಂಟಿಯಾಗಿರಲಿಲ್ಲ. ಮಗಾ ಎಂದು ಕರೆದವಳೊಬ್ಬಳು ನಿದ್ದೆಗೆಟ್ಟು ಎದುರಿಗೆ ಕುಳಿತಿದ್ದಳು. ನಾನು ಕಿಟಕಿಯ ಹೊರಗೆ ದೇವರನ್ನು ಹುಡುಕಿ ಬೈಯುತ್ತಿದ್ದೆ. ಮಳೆಯಲ್ಲಿ ಅಳುವುದಕ್ಕೆ ಒಂದು ಅನುಕೂಲವಿದೆ, ಪಕ್ಕದವರಿಗೆ ತಿಳಿಯುವುದಿಲ್ಲ. ಪಾವನ್ನು ತಿಂದೆ.

ಲೂಕನ ಸುವಾರ್ತೆಯ ಕೊನೆಯಲ್ಲಿ ಒಂದು ಕಥೆಯಿದೆ. ಯೇಸುವನ್ನು ಶಿಲುಬೆಗೇರಿಸಿದ ಮೂರನೆಯ ದಿನ ಇಬ್ಬರು ಶಿಷ್ಯರು ಯೆರೂಸಲೇಮಿನಿಂದ ಎಮ್ಮಾಹು ಎಂಬ ಹಳ್ಳಿಗೆ ನಡೆದು ಹೋಗುತ್ತಿದ್ದರು. ಒಬ್ಬನ ಹೆಸರು ಕ್ಲೆಯೋಫ. ಇನ್ನೊಬ್ಬನ ಹೆಸರನ್ನು ಲೂಕ ಬರೆದಿಲ್ಲ. ನಂಬಿದ್ದೆಲ್ಲ ಮುಗಿಯಿತೆಂದು ಮುಖ ಬಾಡಿಸಿಕೊಂಡು ಹೊರಟವರು. ದಾರಿಯಲ್ಲಿ ಅಪರಿಚಿತನೊಬ್ಬ ಜೊತೆಗೂಡಿ ಮಾತಾಡುತ್ತ ನಡೆದ. ಅವರಿಗೆ ಗುರುತು ಹತ್ತಲಿಲ್ಲ. ಸಂಜೆಯಾಯಿತು, ನಮ್ಮಲ್ಲಿಯೇ ಇಳಿದುಕೊಳ್ಳಿರಿ ಎಂದು ಅವನನ್ನು ಒತ್ತಾಯಿಸಿದರು. ಊಟಕ್ಕೆ ಕುಳಿತಾಗ ಅವನು ರೊಟ್ಟಿಯನ್ನು ತೆಗೆದುಕೊಂಡು ಮುರಿದ. ಆಗ ಅವರ ಕಣ್ಣು ತೆರೆಯಿತು. ಆ ಹೊತ್ತಿಗೆ ಅವನು ಅಲ್ಲಿರಲಿಲ್ಲ. ಯೆರೂಸಲೇಮಿನಿಂದ ಎಮ್ಮಾಹುವಿಗೆ ಲೂಕ ಹೇಳುವ ಅಳತೆಯನ್ನು ಇಂದಿನ ಲೆಕ್ಕಕ್ಕೆ ತಂದರೆ ಸುಮಾರು ಹನ್ನೊಂದು ಕಿಲೋಮೀಟರು. ಇದು ನನಗೆ ಎಷ್ಟೋ ದಿನಗಳ ಮೇಲೆ ಹೊಳೆದದ್ದು. ನಾನು ಇದಕ್ಕೆ ಹೆಚ್ಚಿನ ಅರ್ಥ ಕಟ್ಟುವುದಿಲ್ಲ. ಅಂಧೇರಿಗೂ ಕಾಂದಿವಲಿಗೂ ದೂರವನ್ನು ಇಟ್ಟವರು ರೇಲ್ವೆಯವರು.

ಇನ್ನೊಂದು ಮಾತನ್ನು ಹೇಳದೆ ಹೋದರೆ ನಾನು ಸುಳ್ಳು ಬರೆದಂತಾದೀತು. ಅದೇ ದಿನ ಸಾಕಿನಾಕಾದಲ್ಲಿ ಗುಡ್ಡ ಜರಿದು ಮನೆಗಳ ಮೇಲೆ ಬಿತ್ತು. ಆ ಮಳೆಗೆ ಮುಂಬಯಿಯಲ್ಲಿ 400ಕ್ಕಿಂತ ಹೆಚ್ಚು ಜನ ಸತ್ತರು. ಗಾಜು ಏರಿಸಿದ ಕಾರಿನೊಳಗೆ ಉಸಿರುಕಟ್ಟಿ ಸತ್ತವರಿದ್ದರು. ಅವರಲ್ಲಿಯೂ ಪ್ರಾರ್ಥಿಸಿದವರಿದ್ದಿರಬೇಕು, ನನಗಿಂತ ಚೆನ್ನಾಗಿಯೇ ಪ್ರಾರ್ಥಿಸಿರಬೇಕು. ನಮ್ಮ ಸಭೆಯಲ್ಲಿ ಮುಂದಿನ ಭಾನುವಾರ ಒಬ್ಬರು ಎದ್ದು ನಿಂತು, ದೇವರು ತನ್ನವರನ್ನು ಹೇಗೆ ಕಾಪಾಡಿದನೆಂದು ಸಾಕ್ಷಿ ಹೇಳಿದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಾಪಾಡಲ್ಪಟ್ಟವನು ಲೆಕ್ಕ ಹೇಳುವಾಗ ಮುಳುಗಿದವರನ್ನೂ ಎಣಿಸಬೇಕಷ್ಟೆ. ಅವರ ವಿಷಯದಲ್ಲಿ ನನ್ನಲ್ಲಿ ಉತ್ತರವಿಲ್ಲ. ಆ ಕೋಲು ಎಲ್ಲರ ಮುಂದೆಯೂ ಇರಲಿಲ್ಲ. ಅಷ್ಟನ್ನು ನಾನು ಬಲ್ಲೆ.

ಆಕುರ್ಲಿ ರಸ್ತೆಯ ತಿರುವಿನಲ್ಲಿ ಹುಡುಗ ನನ್ನನ್ನು ಬಿಟ್ಟ. ಅವನ ಮನೆ ದಹಿಸರದಲ್ಲಂತೆ, ಇನ್ನೂ ಅಷ್ಟು ದೂರವಿತ್ತು. ಹೆಸರು ಕೇಳಬೇಕೆಂದು ನನಗೆ ತೋಚಿದ್ದು ಅವನು ಜನರಲ್ಲಿ ಬೆರೆತು ಹೋದ ಮೇಲೆ. ಪೊಯಿಸರ ನದಿ ಉಕ್ಕಿ ನಮ್ಮ ಕೆಳಗಿನ ಮನೆಗಳಿಗೆಲ್ಲ ನೀರು ನುಗ್ಗಿತ್ತು. ಕೆಳಗಿನ ಗುಜರಾತಿ ಸಂಸಾರ ಮೂರನೆಯ ಮಾಳಿಗೆಯ ನಮ್ಮ ಕೋಣೆಯಲ್ಲಿ, ಮಕ್ಕಳು ಮರಿಗಳೊಂದಿಗೆ. ದೀಪವಿಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ನನ್ನಾಕೆ ಎಲ್ಲರಿಗೂ ಗಂಜಿ, ಮಾವಿನ ಮಿಡಿಯ ಉಪ್ಪಿನಕಾಯಿ ಬಡಿಸಿದಳು. ಆ ಮಿಡಿ ಅಮ್ಮ ಕಳಿಸಿದ ಕೊನೆಯ ಭರಣಿಯದು. ನಾನು ಬಟ್ಟೆ ಬದಲಾಯಿಸಿ ಬಂದು ಕುಳಿತೆ. ಅವಳು ಎಂದಿನಂತೆ ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದವಳು, ನನ್ನ ಧ್ವನಿ ಕೇಳಿ ಸುಮ್ಮನಾದಳು. ಚಿಕ್ಕಂದಿನಲ್ಲಿ ಅಮ್ಮ ಕಲಿಸಿದ ನಾಲ್ಕೇ ಮಾತಿನ ಊಟದ ಪ್ರಾರ್ಥನೆ. ಎರಡನೆಯ ಮಾತಿನಲ್ಲಿ ತಡವರಿಸಿದೆ. ಗುಜರಾತಿ ಸಂಸಾರದ ಅಜ್ಜಿ ಕೈ ಮುಗಿದುಕೊಂಡು ಕೊನೆಯ ತನಕ ಕಾದಿದ್ದಳು.

ಅಂದಿನಿಂದ ಊರಿಗೆ ಹೋಗುವಾಗಲೆಲ್ಲ ಭಟ್ಕಳ ಬರುವ ಹೊತ್ತಿಗೆ ಎಚ್ಚರವಾಗಿ ಬಾಗಿಲಲ್ಲಿ ನಿಲ್ಲುವುದು ನನಗೆ ಅಭ್ಯಾಸವಾಗಿದೆ. ಇನ್ನೂ ಬೆಳಕು ಹರಿದಿರುವುದಿಲ್ಲ. ಮುಸುಕು ಹಾಕಿದ ಹೆಂಗಸರು ಗಂಟುಮೂಟೆ ಇಳಿಸುತ್ತಿರುತ್ತಾರೆ. ಅವಳು ಬದುಕಿದ್ದಾಳೋ ಇಲ್ಲವೋ; ಇದ್ದರೂ ನನಗೆ ಗುರುತು ಸಿಕ್ಕೀತೇ? ಕಳೆದ ಮೇ ತಿಂಗಳಿನಲ್ಲಿಯೂ ಹಾಗೆಯೇ ನಿಂತಿದ್ದೆ. ಒಬ್ಬ ಮುದುಕಿಯ ಟ್ರಂಕು ದೊಡ್ಡದಾಗಿತ್ತು; ಇಳಿಸಿಕೊಟ್ಟೆ. "ಅಲ್ಲಾ ಒಳ್ಳೇದು ಮಾಡಲಿ ಮಗಾ" ಎಂದಳು. ಎಪ್ಪತ್ತು ಸಮೀಪಿಸಿದವನನ್ನು ಮಗಾ ಎನ್ನುವವರು ಈಗ ಹೆಚ್ಚು ಜನ ಉಳಿದಿಲ್ಲ. ಗಾಡಿ ಹೊರಟ ಮೇಲೆ ಒಳಗೆ ಬಂದಾಗ ನನ್ನಾಕೆ ಎದ್ದು ಕುಳಿತಿದ್ದಳು.

"ಸಿಕ್ಕಿದರಾ?" ಎಂದು ಕೇಳಿದಳು.

"ಇವತ್ತು ಬೇರೆಯವರು" ಎಂದೆ.

ಅವಳು ಫ್ಲಾಸ್ಕಿನ ಮುಚ್ಚಳ ಬಿಚ್ಚಿ ಚಹಾ ಬಗ್ಗಿಸಿದಳು.